ಪೆಪ್ಟೈಡ್ ಸೀರಮ್ ಹಚ್ಚಿದರೆ ಚರ್ಮಕ್ಕೆ ನಿಜವಾಗಿ ಏನಾದರೂ ಆಗುತ್ತಾ?

ನೀವು ಮೂರು ವಿಷಯ ಕೇಳಿದ್ದೀರಿ. ಪೆಪ್ಟೈಡ್ ಅಂದರೆ ಏನು, ಹಚ್ಚಿದ್ದು ಚರ್ಮದೊಳಗೆ ಇಳಿಯುತ್ತಾ, ಈಗ ಬಳಸುತ್ತಿರುವ ರೆಟಿನಾಲ್ (ಸುಕ್ಕಿಗೆ ಹಚ್ಚುವ ವಿಟಮಿನ್ ಎ ರೂಪ) ಬಿಟ್ಟು ಇದನ್ನು ಶುರು ಮಾಡಬಹುದಾ. ಕೊನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ರೆಟಿನಾಲ್ ನಿಮ್ಮ ಚರ್ಮಕ್ಕೆ ಒಗ್ಗಿದ್ದರೆ ಬಿಡಬೇಡಿ. ಯಾಕೆ ಅನ್ನುವುದು ಉಳಿದೆರಡು ಪ್ರಶ್ನೆಗಳ ಒಳಗೇ ಇದೆ. ನಾನು ಡಾಕ್ಟರ್ ಅಲ್ಲ, ಬಯೋಕೆಮಿಸ್ಟ್ರಿ ಓದಿದವಳು. ಈ ವಿಷಯ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ಅಮೈನೊ ಆಮ್ಲಗಳನ್ನು ಮಣಿಗಳು ಅಂದುಕೊಳ್ಳಿ. ಎರಡು ಮಣಿ ಪೋಣಿಸಿದರೂ ಅದು ಪೆಪ್ಟೈಡ್. ಸುಮಾರು ಐವತ್ತು ದಾಟಿ ಸರ ಉದ್ದವಾದರೆ ಪ್ರೋಟೀನ್ ಅನ್ನುತ್ತೇವೆ. ದೇಹ ಈ ಗಿಡ್ಡ ಸರಗಳನ್ನು ಹೆಚ್ಚಾಗಿ ಸುದ್ದಿ ಮುಟ್ಟಿಸಲು ಬಳಸುತ್ತದೆ. ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್‌ನಲ್ಲಿ ಇರುವುದು ಬರೀ 9 ಮಣಿ. ಅಷ್ಟು ಪುಟ್ಟದು ಅಷ್ಟು ದೊಡ್ಡ ಕೆಲಸ ಮಾಡಿಸುತ್ತದೆ ಅಲ್ವಾ? ಸೀರಮ್‌ನಲ್ಲಿರುವ ಪೆಪ್ಟೈಡ್ ಕೂಡ ಹಾಗೆಯೇ. ಅದು ಚರ್ಮ ಕಟ್ಟುವ ಸರಕಲ್ಲ, ಚರ್ಮಕ್ಕೆ ಕಳಿಸುವ ಸುದ್ದಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್‌ನ ಹೆಸರು ಕೊಲಾಜನ್. ‘ಚರ್ಮದಲ್ಲಿ ಕೊಲಾಜನ್ ಕಡಿಮೆಯಾಗಿದೆ, ಕೊಲಾಜನ್ ಕ್ರೀಮ್ ಹಚ್ಚಿದರೆ ತುಂಬಿಕೊಳ್ಳುತ್ತದೆ’ ಅಂತ ಬಹಳ ಜನ ನಂಬಿದ್ದಾರೆ. ಅದು ಆಗುವುದಿಲ್ಲ. ಕೊಲಾಜನ್ ಮೂರು ಎಳೆಯ ಹಗ್ಗದ ಹಾಗಿರುತ್ತದೆ. ಒಂದೊಂದು ಎಳೆಯಲ್ಲೂ ಸುಮಾರು ಸಾವಿರ ಅಮೈನೊ ಆಮ್ಲ. ತೂಕ ಸುಮಾರು 3 ಲಕ್ಷ ಡಾಲ್ಟನ್ (ಅಣುಗಳ ತೂಕ ಹೇಳುವ ಅಳತೆ). ಇನ್ನೊಂದು ಕಡೆ, ಚರ್ಮದ ಮೇಲ್ಪದರ ದಾಟಬೇಕಾದರೆ ಅಣುವಿನ ತೂಕ ಹೆಚ್ಚು ಕಡಿಮೆ 500 ಡಾಲ್ಟನ್ ಒಳಗಿರಬೇಕು ಅಂತ ಬೋಸ್ ಮತ್ತು ಮೈನಾರ್ಡಿ ಅನ್ನುವ ವಿಜ್ಞಾನಿಗಳು 2000ದಲ್ಲಿ ಬರೆದರು. ಇಂದಿಗೂ ಆ ಲೆಕ್ಕವನ್ನು ಬಳಸುತ್ತಾರೆ. 500 ಎಲ್ಲಿ, 3 ಲಕ್ಷ ಎಲ್ಲಿ! ಕೊಲಾಜನ್ ಕ್ರೀಮ್ ಮೇಲೆಯೇ ಕೂತು ನೀರು ಹಿಡಿದಿಡುತ್ತದೆ. ಒಣಗಿದ ಚರ್ಮಕ್ಕೆ ಅದೂ ಒಳ್ಳೆಯದೇ, ಆದರೆ ಒಳಗಿನ ಹಗ್ಗಕ್ಕೆ ಒಂದು ಎಳೆಯೂ ಸೇರುವುದಿಲ್ಲ.

ಹಾಗಾದರೆ ಹಗ್ಗ ಹೆಣೆಯುವವರು ಯಾರು? ಚರ್ಮದ ಒಳಪದರದಲ್ಲಿರುವ ಫೈಬ್ರೊಬ್ಲಾಸ್ಟ್ ಅನ್ನುವ ಜೀವಕೋಶಗಳು. 1993ರಲ್ಲಿ ಇವುಗಳ ಬಗ್ಗೆ ಒಂದು ಸೊಗಸಾದ ವಿಷಯ ಹೊರಬಂತು. ಕೊಲಾಜನ್ ತಯಾರಾಗುವ ಮುಂಚಿನ ರೂಪದಲ್ಲಿ ಒಂದು ಚಿಕ್ಕ ತುಣುಕಿದೆ. ಲೈಸಿನ್, ಥ್ರಿಯೊನಿನ್, ಥ್ರಿಯೊನಿನ್, ಲೈಸಿನ್, ಸೆರಿನ್, ಬರೀ ಐದು ಮಣಿ. ಆ ತುಣುಕನ್ನು ಲ್ಯಾಬ್‌ನಲ್ಲಿ ಬೆಳೆಸಿದ ಫೈಬ್ರೊಬ್ಲಾಸ್ಟ್‌ಗಳಿಗೆ ಕೊಟ್ಟರೆ ಅವು ಇನ್ನಷ್ಟು ಕೊಲಾಜನ್ ಮಾಡತೊಡಗುತ್ತವೆ. ತುಣುಕು ಕಂಡಿತು ಅಂದರೆ ಎಲ್ಲೋ ರಿಪೇರಿ ನಡೆಯಬೇಕು ಅಂತ ಜೀವಕೋಶ ತಿಳಿದುಕೊಂಡ ಹಾಗೆ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಆದರೆ ಲ್ಯಾಬ್ ತಟ್ಟೆಯಲ್ಲಿರುವ ಜೀವಕೋಶಕ್ಕೆ ಮೇಲ್ಪದರ ಇಲ್ಲ, ನಮ್ಮ ಮುಖಕ್ಕೆ ಇದೆ. ಆ ಐದು ಮಣಿಯ ಸರಕ್ಕೆ ನೀರು ಅಂದರೆ ಇಷ್ಟ, ಚರ್ಮದ ಮೇಲ್ಪದರವೋ ಕೊಬ್ಬಿನದು. ಒಂದಕ್ಕೊಂದು ಸೇರುವುದಿಲ್ಲ. ಅದಕ್ಕೆ ಸರದ ತುದಿಗೆ 16 ಕಾರ್ಬನ್‌ನ ಒಂದು ಕೊಬ್ಬಿನ ಬಾಲ ಅಂಟಿಸಿದರು. ನಿಮ್ಮ ಬಾಟಲಿಯ ಮೇಲೆ ‘ಪಾಮಿಟಾಯ್ಲ್ ಪೆಂಟಾಪೆಪ್ಟೈಡ್-4’ ಅಂತ ಇದ್ದರೆ ಅದು ಇದೇ. ಪಾಮಿಟಾಯ್ಲ್ ಅನ್ನುವುದು ಆ ಬಾಲದ ಹೆಸರು. ಈಗ ಅದು ಕೊಬ್ಬಿಗೆ ಹೊಂದುತ್ತದೆ, ಆದರೆ ತೂಕ 800 ಡಾಲ್ಟನ್ ಆಯಿತು. ಹಾಗಾಗಿ ಒಳಗೆ ಇಳಿಯುವುದು ಬಹಳ ಕಡಿಮೆ. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಅಷ್ಟರಿಂದ ಕೆಲಸ ಆಗುತ್ತಾ? 2005ರಲ್ಲಿ 93 ಮಹಿಳೆಯರ ಮೇಲೆ ಒಂದು ಪರೀಕ್ಷೆ ನಡೆಯಿತು. ಮುಖದ ಒಂದು ಬದಿಗೆ ಪೆಪ್ಟೈಡ್ ಇರುವ ಕ್ರೀಮ್, ಇನ್ನೊಂದು ಬದಿಗೆ ಪೆಪ್ಟೈಡ್ ಇಲ್ಲದ ಅದೇ ಕ್ರೀಮ್, 12 ವಾರ. ಪೆಪ್ಟೈಡ್ ಹಾಕಿದ್ದು 10 ಲಕ್ಷ ಭಾಗಕ್ಕೆ ಬರೀ 3 ಭಾಗ. ಪೆಪ್ಟೈಡ್ ಹಚ್ಚಿದ ಬದಿಯಲ್ಲಿ ಸಣ್ಣ ಗೆರೆಗಳು ಕಡಿಮೆಯಾದವು. ದೊಡ್ಡ ಬದಲಾವಣೆ ಅಲ್ಲ, ಆದರೆ ಅಳತೆಗೆ ಸಿಕ್ಕಿತು. ಪರೀಕ್ಷೆ ಮಾಡಿದವರು ಕ್ರೀಮ್ ಮಾರುವ ಕಂಪನಿಯ ವಿಜ್ಞಾನಿಗಳೇ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂದಹಾಗೆ, ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಪೆಪ್ಟೈಡ್ ಇದ್ದರೆ ಮೋಸ ಅಂದುಕೊಳ್ಳಬೇಡಿ. ಇಷ್ಟು ಕಡಿಮೆ ಹಾಕುವ ವಸ್ತು ಪಟ್ಟಿಯ ಕೊನೆಯ ಕಡೆ ಬರುವುದು ಸಹಜ.

ನೀಲಿ ಬಣ್ಣದ ಸೀರಮ್‌ನಲ್ಲಿರುವುದು ತಾಮ್ರದ ಪೆಪ್ಟೈಡ್. 1973ರಲ್ಲಿ ಲೊರೆನ್ ಪಿಕಾರ್ಟ್ ಅನ್ನುವ ವಿಜ್ಞಾನಿ ಮನುಷ್ಯರ ರಕ್ತದಿಂದ ಇದನ್ನು ಬೇರ್ಪಡಿಸಿದರು. ಮೂರೇ ಮಣಿಯ ಸರ, ತಾಮ್ರವನ್ನು ಹಿಡಿದುಕೊಳ್ಳುತ್ತದೆ. ವಿಟಮಿನ್ ಸಿ ಸೀರಮ್ ಜೊತೆ ಒಟ್ಟಿಗೆ ಹಚ್ಚಬೇಡಿ, ತಾಮ್ರದಿಂದ ವಿಟಮಿನ್ ಸಿ ಬೇಗ ಕೆಡುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾಡಿ.

‘ಸೂಜಿ ಇಲ್ಲದ ಬೊಟಾಕ್ಸ್’ ಅಂತ ಮಾರುವ ಅಸಿಟೈಲ್ ಹೆಕ್ಸಾಪೆಪ್ಟೈಡ್-8 ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸಿ ಸುಕ್ಕು ತಗ್ಗಿಸುವ ಔಷಧಿ, ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಕೆಲಸ ಮಾಡುತ್ತದೆ. ಸೂಜಿಯಲ್ಲಿ ಕೊಡುವುದೇ ಅದಕ್ಕೆ. ಮೇಲೆ ಹಚ್ಚಿದ ಪೆಪ್ಟೈಡ್ ಚರ್ಮ ಪೂರ್ತಿ ದಾಟಿ ಸ್ನಾಯುವಿನವರೆಗೆ ಹೋಗಬೇಕು. ಮೇಲ್ಪದರವನ್ನೇ ಕಷ್ಟಪಟ್ಟು ದಾಟುವ ಅಣುವಿಗೆ ಅದು ತುಂಬಾ ದೂರದ ದಾರಿ.

ನಾನೂ ಐದು ಮಣಿಯ ಪೆಪ್ಟೈಡ್ ಇರುವ ಕ್ರೀಮನ್ನು ನಾಲ್ಕು ತಿಂಗಳು ಬಳಸಿದೆ. ಪ್ರತಿ ತಿಂಗಳೂ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದೆ. ಮೊದಲ ವಾರವೇ ಮುಖ ಮೃದುವಾಯಿತು. ಅದು ಪೆಪ್ಟೈಡ್‌ನಿಂದ ಅಲ್ಲ, ಕ್ರೀಮ್‌ನಲ್ಲಿದ್ದ ಗ್ಲಿಸರಿನ್‌ನಿಂದ. ಕಣ್ಣಿನ ಪಕ್ಕದ ಸಣ್ಣ ಗೆರೆಗಳು ಮೂರನೇ ತಿಂಗಳ ಹೊತ್ತಿಗೆ ಸ್ವಲ್ಪ ತಿಳಿಯಾದವು ಅನ್ನಿಸಿತು. ಹಣೆಯ ಆಳವಾದ ಗೆರೆ ಹಾಗೇ ಇದೆ.

ರೆಟಿನಾಲ್ ಬಿಡಬೇಡಿ ಅಂದಿದ್ದು ಇದಕ್ಕೇ. ಸುಕ್ಕಿನ ವಿಷಯದಲ್ಲಿ ರೆಟಿನಾಲ್ ಮತ್ತು ಅದರದೇ ಜಾತಿಯ, ಇನ್ನೂ ಬಲವಾದ ಟ್ರೆಟಿನೊಯಿನ್ ಗುಂಪಿಗೆ ದಶಕಗಳ ಪರೀಕ್ಷೆಯ ಬಲವಿದೆ, ಪೆಪ್ಟೈಡ್‌ಗೆ ಅಷ್ಟಿಲ್ಲ. ಇನ್ನೊಂದು ಮಾತು: ಬಿಸಿಲಿನ ಯುವಿಎ ಕಿರಣ ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಬೇಕೆನಿಸಿದಾಗ ಮಾತ್ರ ಹಚ್ಚಿದವರಿಗಿಂತ ಚರ್ಮ ಮುಪ್ಪಾಗುವುದು 24% ಕಡಿಮೆ ಇತ್ತು. ನೀವು ಸನ್‌ಸ್ಕ್ರೀನ್ ಬಗ್ಗೆ ಏನೂ ಬರೆದಿಲ್ಲ. ಹಚ್ಚುತ್ತಿಲ್ಲ ಅಂದರೆ ದಯವಿಟ್ಟು ಮೊದಲು ಅದನ್ನು ಶುರು ಮಾಡಿ.

ಪೆಪ್ಟೈಡ್ ನಿಜವಾಗಿ ಉಪಯೋಗಕ್ಕೆ ಬರುವುದು ರೆಟಿನಾಲ್ ಹಚ್ಚಿದರೆ ಉರಿದು ಸಿಪ್ಪೆ ಏಳುವವರಿಗೆ. ಗರ್ಭಿಣಿಯರು ರೆಟಿನಾಲ್ ಬಳಸಬಾರದು, ಅವರೂ ಡಾಕ್ಟರನ್ನು ಕೇಳಿ ಇದನ್ನು ಹಚ್ಚಬಹುದು. ಆನ್‌ಲೈನ್‌ನಲ್ಲಿ ಚರ್ಮಕ್ಕೆ ಅಂತ ಮಾರುವ, ಮನೆಯಲ್ಲೇ ಚುಚ್ಚಿಕೊಳ್ಳುವ ಪೆಪ್ಟೈಡ್ ಸೀಸೆಗಳನ್ನು ಮಾತ್ರ ಮುಟ್ಟಲೇಬೇಡಿ. ಮೇಲೆ ಹಚ್ಚುವುದೇ ಬೇರೆ, ರಕ್ತಕ್ಕೆ ಸೇರಿಸುವುದೇ ಬೇರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ರಾತ್ರಿ ರೆಟಿನಾಲ್ ಹಚ್ಚಿ, ಅದರ ಮೇಲೆ ಪೆಪ್ಟೈಡ್ ಇರುವ ಮಾಯಿಶ್ಚರೈಸರ್ ಹಚ್ಚುತ್ತಿದ್ದೆ. ಮೊದಲ ಕೆಲವು ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ. ಒಗ್ಗಿದರೆ 12 ವಾರ ಬಿಡದೆ ಹಚ್ಚಿ. ಇವತ್ತೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.