ಮನೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಅನಿಮೇಷನ್ ಮಾಡುವುದು ಹೇಗೆ?

ಉಚಿತವಾಗಿ ಸಿಗುವ ಪೆನ್ಸಿಲ್2ಡಿ ತಂತ್ರಾಂಶ ಸಾಕು. ಸಾಧಾರಣ ಕಂಪ್ಯೂಟರಿನಲ್ಲೂ ಅದು ಚೆನ್ನಾಗಿ ನಡೆಯುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಬಿಡಿ ಚಿತ್ರಗಳು, ಅಂದರೆ ಫ್ರೇಮ್‌ಗಳು ಓಡುತ್ತವೆ. ಅಷ್ಟನ್ನೂ ಬರೆಯಬೇಕಿಲ್ಲ: ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರಗಳೇ ಸಾಲುತ್ತವೆ.

ದಯವಿಟ್ಟು ಮೊದಲ ದಿನವೇ ಮನುಷ್ಯನನ್ನು ನಡೆಸಲು ಹೋಗಬೇಡಿ, ಪುಟಿಯುವ ಚೆಂಡಿನಿಂದ ಶುರುಮಾಡಿ. ‘ಆನಿಯನ್ ಸ್ಕಿನ್’ ಎಂಬ ಸೌಲಭ್ಯವನ್ನು ಹಾಕಿಕೊಂಡರೆ ಹಿಂದಿನ ಚಿತ್ರ ಮಸುಕಾಗಿ ಕಾಣುತ್ತದೆ. ಅದನ್ನು ನೋಡಿಕೊಂಡೇ ಮುಂದಿನದನ್ನು ಬರೆಯಬಹುದು. ಗುಟ್ಟೆಲ್ಲ ಒಂದು ಚಿತ್ರದಿಂದ ಮುಂದಿನದಕ್ಕೆ ಚೆಂಡು ಸರಿಯುವ ಅಂತರದಲ್ಲಿದೆ. ಮೇಲಿನ ತುದಿಯಲ್ಲಿ ಚೆಂಡು ನಿಧಾನವಾಗುತ್ತದೆ, ಅಲ್ಲಿ ಚಿತ್ರಗಳು ಒತ್ತೊತ್ತಾಗಿರಲಿ. ನೆಲ ಹತ್ತಿರವಾದಂತೆ ದೂರ ದೂರವಾಗಲಿ. ಅಂತರ ಸಮನಾದರೆ ಎಷ್ಟು ಅಂದವಾಗಿ ಬರೆದರೂ ಚೆಂಡಿಗೆ ತೂಕವೇ ಬರುವುದಿಲ್ಲ. ನೆಲ ತಾಗಿದ ಚಿತ್ರದಲ್ಲಿ ಚೆಂಡನ್ನು ತುಸು ಚಪ್ಪಟೆ ಮಾಡಿ, ಅಗಲವನ್ನೂ ಹಿಗ್ಗಿಸಿ. ಇಲ್ಲವಾದರೆ ಅದು ಕುಗ್ಗಿದಂತೆ ಕಾಣುತ್ತದೆ. ಮುಗಿದ ಮೇಲೆ ಜಿಫ್ ಅಥವಾ ಎಂಪಿ4 ಕಡತವಾಗಿ ಉಳಿಸಿಕೊಳ್ಳಿ.