ಅಂಪೈರ್ ಕಾಣದ್ದನ್ನು ಹುಡುಗಿ ಕಂಡಳು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಡಿಸೆಂಬರ್ ಬಂತೆಂದರೆ ಅವಳ ಶಾಲೆಯಲ್ಲಿ ಪಾಠ ಹಿಂದೆ ಬಿದ್ದು ಆಟ, ಕುಣಿತ, ವಸೂಲಿ ಮುಂದೆ ಬರುತ್ತವೆ. ಈ ಸಲ ವೃದ್ಧಾಶ್ರಮಕ್ಕೆ ಕಂಬಳಿ ಕೊಡಬೇಕೆಂದು ಪ್ರತಿ ಮಗುವಿನಿಂದ ಇನ್ನೂರು ರೂಪಾಯಿ ತರಿಸಿಕೊಂಡರು. ಕಳೆದ ವಾರ ಹೌಸ್‌ಗಳ ನಡುವಿನ ಖೋಖೋ ಫೈನಲ್‌ನಲ್ಲಿ, ಕಂಬದ ಹತ್ತಿರ ಎದುರು ತಂಡದವಳ ಕೈ ತಾಗಿತೆಂದು ಅಂಪೈರ್ ಸೀಟಿ ಊದುವ ಮೊದಲೇ ಇವಳು ಕೈಯೆತ್ತಿ ಹೊರಬಂದಳಂತೆ. ಅಂಪೈರ್ ನೋಡಿರಲೇ ಇಲ್ಲ. ಇವಳ ತಂಡ ಒಂದು ಪಾಯಿಂಟಿನಿಂದ ಸೋತಿತು. ಗೆಳತಿಯರು ಮಾತು ಬಿಟ್ಟಿದ್ದಾರೆ, ಶಾಲೆಗೆ ಹೋಗುವುದಿಲ್ಲವೆಂದು ಕುಳಿತಿದ್ದಾಳೆ. ನಾನೂ "ನಿನಗ್ಯಾಕೆ ಬೇಕಿತ್ತು ಹರಿಶ್ಚಂದ್ರನ ವೇಷ" ಎಂದು ಬೈದೆ. ಮುಂದಿನ ವರ್ಷ ಹತ್ತನೇ ತರಗತಿ. ಹೈಸ್ಕೂಲಿನಲ್ಲಿ ಇವೆಲ್ಲ ಬೇಕೇ? ಕಂಬಳಿ ಕೊಡುತ್ತಿರುವ ಅವಳ ಫೋಟೋ ಇಟ್ಟಿದ್ದೇನೆ. ಸಾಧ್ಯವಾದರೆ ಪ್ರಕಟಿಸಿ.
ಒಬ್ಬ ತಾಯಿ, ಹಾಸನ ಜಿಲ್ಲೆ (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ

ಸೋದರಿ, ಈ ವಾರ ಬಂದ ಪತ್ರಗಳಲ್ಲಿ ನಿಮ್ಮದನ್ನು ಆರಿಸಿಕೊಂಡದ್ದು ನಿಮ್ಮ ದೂರಿಗಾಗಿ ಅಲ್ಲ, ದೂರಿನ ನಡುವೆ ನೀವು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿಗಾಗಿ. ಆದರೂ ದೂರಿಗೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯ ಅಂಕಗಳ ಮೇಲೆ ಪಿಯು ಕಾಲೇಜಿನ ಸೀಟು ನಿಂತಿದೆ, ಮನೆಯಲ್ಲಿ ಹೆಣ್ಣುಮಗುವಿನ ಓದು ಮುಂದುವರಿಯುವುದೋ ಇಲ್ಲವೋ ಎಂಬುದೂ ಎಷ್ಟೋ ಕಡೆ ಅದೇ ಅಂಕಪಟ್ಟಿಯ ಮೇಲೆ ತೀರ್ಮಾನವಾಗುತ್ತದೆ, ವಾರ್ಷಿಕೋತ್ಸವದ ಕುಣಿತದ ತಾಲೀಮಿಗೆಂದು ಹದಿನೈದು ದಿನ ಗಣಿತದ ಪಾಠ ತಪ್ಪಿಸುವುದು ತಪ್ಪು. ಇದಿಷ್ಟೂ ನಿಜ. ಈ ಮಾತನ್ನು ಎಲ್ಲ ಅಪ್ಪ ಅಮ್ಮಂದಿರೂ ಹೇಳುತ್ತಿದ್ದಾರೆ, ಹೇಳುವವರ ಕೊರತೆಯೇನೂ ಇಲ್ಲದಿರುವುದರಿಂದ ನಾನು ಬೇರೆ ಕಡೆಗೆ ಹೊರಳುತ್ತೇನೆ.

ಖೋಖೋ ಆಟವನ್ನು ಬದಿಯಲ್ಲಿ ನಿಂತು ನೋಡಿದವರಿಗೆ ಕಂಬದ ಬಳಿ ನಡೆಯುವುದೇನೆಂದು ಗೊತ್ತಿರುತ್ತದೆ. ಎಂಟು ಜನ ಸಾಲಿನಲ್ಲಿ ಒಬ್ಬರು ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಮುಖಮಾಡಿ ಕುಕ್ಕರುಗಾಲಲ್ಲಿ ಕುಳಿತಿರುತ್ತಾರೆ. ಬೆನ್ನಟ್ಟುವವಳು ಒಬ್ಬಳೇ, ಮತ್ತು ಅವಳು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಈ ಕಟ್ಟುಪಾಡುಗಳಿಂದ ಅವಳಿಗೆ ಬಿಡುಗಡೆ ಸಿಗುವುದು ಕಂಬದ ಹತ್ತಿರ ಮಾತ್ರ. ಅಲ್ಲಿ ಅವಳು ಒಂದು ಕೈಯಲ್ಲಿ ಕಂಬವನ್ನು ತಬ್ಬಿ, ಇನ್ನೊಂದನ್ನು ಚಾಚಿ, ಮೈಯನ್ನು ನೆಲಕ್ಕೆ ಸಮನಾಗಿ ಎಸೆಯುತ್ತಾಳೆ. ಧೂಳೇಳುತ್ತದೆ. ಬೆರಳ ತುದಿ ಓಡುವವಳ ಹಿಮ್ಮಡಿಗೆ ತಾಗಿತೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅಂಪೈರ್ ಆ ಇಬ್ಬರಲ್ಲಿ ಒಬ್ಬರಲ್ಲ. ಮೂರು ಮೂರು ಜನರ ತಂಡವಾಗಿ ಅಂಕಣಕ್ಕಿಳಿಯುವ ಓಟಗಾರ್ತಿಯರಲ್ಲಿ ಒಬ್ಬಳು ಹೋದರೆ ಎದುರಾಳಿಗೆ ಒಂದು ಪಾಯಿಂಟ್ ಎಂಬುದು ನಿಮ್ಮ ಮಗಳಿಗೆ ಗೊತ್ತಿಲ್ಲದ ಲೆಕ್ಕವೇನಲ್ಲ. ಅಂಥ ಧೂಳಿನಲ್ಲಿ, ಫೈನಲ್‌ನಲ್ಲಿ, ತನ್ನ ಹೌಸ್‌ನ ಹುಡುಗಿಯರೆಲ್ಲ ಗೆರೆಯ ಪಕ್ಕದಲ್ಲಿ ಕಿರುಚುತ್ತಿರುವಾಗ ಆ ಮಗು ಕೈಯೆತ್ತಿತು. ನೀವು ಅದನ್ನು ಹರಿಶ್ಚಂದ್ರನ ವೇಷ ಎಂದಿರಿ. ವೇಷ ಹಾಕುವವರು ನೋಡುವವರಿದ್ದಾಗ ಹಾಕುತ್ತಾರೆ, ತಾಯಿ. ಇವಳನ್ನು ಯಾರೂ ನೋಡಿರಲಿಲ್ಲವೆಂದು ನೀವೇ ಬರೆದಿದ್ದೀರಿ.

ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಭಾರತ ತಂಡದ ನಾಯಕರಾಗಿದ್ದದ್ದು ಎರಡೇ ಟೆಸ್ಟ್‌ಗಳಲ್ಲಿ. ಅವುಗಳಲ್ಲಿ ಒಂದು 1980ರ ಫೆಬ್ರವರಿಯಲ್ಲಿ ಮುಂಬೈಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕುಸಿದಿತ್ತು. ಬಾಬ್ ಟೇಲರ್ ಅವರಿಗೆ ಅಂಪೈರ್ ಔಟ್ ಕೊಟ್ಟಾಗ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್ ಅವರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆನ್ನಿಸಿತು. ಅವರು ಟೇಲರ್ ಅವರನ್ನು ಹಿಂದಕ್ಕೆ ಕರೆಸಿದರು. ಆಮೇಲೆ ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ ಆರನೇ ವಿಕೆಟ್ಟಿಗೆ 171 ರನ್ ಕೂಡಿಸಿದರು, ಬೋಥಮ್ 114 ಹೊಡೆದರು, ಸಾಲದೆಂಬಂತೆ ಪಂದ್ಯದಲ್ಲಿ ಹದಿಮೂರು ವಿಕೆಟ್ ಕಿತ್ತರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ನಾಯಕನ ಲೆಕ್ಕದಲ್ಲಿ ಇದಕ್ಕಿಂತ ದುಬಾರಿಯಾದ ದಾಕ್ಷಿಣ್ಯವಿಲ್ಲ. ಆದರೆ ಇಷ್ಟು ವರ್ಷಗಳಾದ ಮೇಲೂ ನಮ್ಮ ಕ್ರಿಕೆಟ್ ಹುಚ್ಚರು ಕಾಫಿ ಕುಡಿಯುತ್ತ ಆ ಟೆಸ್ಟಿನ ಮಾತೆತ್ತಿದರೆ ಮೊದಲು ಬರುವುದು ಸೋಲಿನ ಅಂತರವಲ್ಲ, ವಿಶಿ ಟೇಲರ್‌ನನ್ನು ವಾಪಸು ಕರೆದ ವಿಚಾರ. ಅಂಪೈರ್ ಔಟ್ ಕೊಟ್ಟಾಗ ವಿಶ್ವನಾಥ್ ಅಲ್ಲವೆಂದರು, ಕೊಡದಿದ್ದಾಗ ನಿಮ್ಮ ಮಗಳು ಹೌದೆಂದಳು. ದೊಡ್ಡ ಹೆಸರಿನ ಪಕ್ಕದಲ್ಲಿ ಒಂಬತ್ತನೇ ತರಗತಿಯ ಹುಡುಗಿಯನ್ನು ಕೂರಿಸುತ್ತಿದ್ದೇನೆಂದು ನಗಬೇಡಿ. ಮೂವತ್ತು ವರ್ಷ ದಾಟಿದ ಆಟಗಾರನಿಗಿಂತ ಹದಿನಾಲ್ಕರ ಹುಡುಗಿಗೆ ಗೆಳತಿಯರ ಮುನಿಸು ಹೆಚ್ಚು ಭಾರ.

ಇಷ್ಟು ಅಧಿಕಾರದಿಂದ ಮಾತನಾಡುವ ನಾನು ಆ ವಯಸ್ಸಿನಲ್ಲಿ ಏನು ಮಾಡಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಹೈಸ್ಕೂಲಿನ ಕ್ರೀಡಾಕೂಟದ ಕಬಡ್ಡಿ ಪಂದ್ಯ. ದಾಳಿಗೆ ಬಂದ ಹುಡುಗನ ಕಾಲ್ಬೆರಳು ನನ್ನ ಮೊಣಕಾಲಿನ ಕೆಳಗೆ ಸವರಿತು. ಅವನು ಗೆರೆ ಮುಟ್ಟಿ ನನ್ನತ್ತ ಬೆರಳು ತೋರಿಸಿದ. ಡ್ರಿಲ್ ಮೇಷ್ಟರು ನನ್ನ ಮುಖ ನೋಡಿದರು. ನಾನು "ಇಲ್ಲ ಸಾರ್" ಎಂದೆ. ಆ ಹುಡುಗ ಜಗಳವಾಡಲಿಲ್ಲ, ಒಂದು ಸಲ ನನ್ನನ್ನು ನೋಡಿ ತನ್ನ ಅಂಕಣಕ್ಕೆ ಹೋಗಿ ನಿಂತ. ನಾವು ಗೆದ್ದೆವು. ಆ ಕಾಲದ ವಾಡಿಕೆಯಂತೆ ಬಹುಮಾನವಾಗಿ ಬಂದದ್ದು ಒಂದೊಂದು ಸ್ಟೀಲ್ ಲೋಟ, ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ "ಪ್ರಥಮ ಬಹುಮಾನ" ಎಂಬ ಅಕ್ಷರಗಳು. ಮನೆಗೆ ಯಾರೇ ಬರಲಿ, ನಮ್ಮಮ್ಮ ಕಾಫಿಯನ್ನು ಆ ಲೋಟದಲ್ಲೇ ಕೊಟ್ಟು "ಇದು ನಮ್ಮ ಹುಡುಗ ಗೆದ್ದದ್ದು" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ಹೇಳಿದಳು. ಅಷ್ಟೂ ವರ್ಷ ನಾನು ಆ ಲೋಟದಲ್ಲಿ ಕಾಫಿ ಕುಡಿಯಲಿಲ್ಲ, ಯಾಕೆಂದು ಅವಳು ಕೇಳಲೂ ಇಲ್ಲ. ನಿಮ್ಮ ಮಗಳಿಗೆ ಅಂಥ ಲೋಟವೊಂದು ಮನೆಯಲ್ಲಿಲ್ಲದಿರುವುದು ಎಷ್ಟು ನಿರಾಳವೆಂದು ಅವಳಿಗೆ ಈಗ ತಿಳಿಯುವುದಿಲ್ಲ.

ಶಾಲೆಗಳ ಮೇಲೆ ನನಗೂ ಸಿಟ್ಟಿದೆ, ಆದರೆ ಅದು ನಿಮ್ಮ ಸಿಟ್ಟಲ್ಲ. ಆಟ ಹೆಚ್ಚಾಯಿತೆಂದು ನೀವು ಹೇಳುತ್ತೀರಿ, ಆಟವೇ ಇಲ್ಲವೆಂಬುದು ನನ್ನ ದೂರು. ಇಡೀ ಹೈಸ್ಕೂಲಿಗೆ ಒಬ್ಬರು ದೈಹಿಕ ಶಿಕ್ಷಕರು, ಅವರಿಗೂ ಬಿಸಿಯೂಟದ ಲೆಕ್ಕ ಬರೆಯುವ ಕೆಲಸ. ವೇಳಾಪಟ್ಟಿಯಲ್ಲಿರುವ ಆಟದ ಪೀರಿಯಡ್ಡನ್ನು "ಪೋರ್ಷನ್ ಮುಗಿದಿಲ್ಲ" ಎಂದು ಜೂನ್‌ನಿಂದಲೇ ಗಣಿತದವರೋ ವಿಜ್ಞಾನದವರೋ ಎತ್ತಿಕೊಳ್ಳುತ್ತಾರೆ. ವರ್ಷವೆಲ್ಲ ಉಪವಾಸ ಕೆಡವಿ ಡಿಸೆಂಬರಿನಲ್ಲಿ ಒಂದೇ ಸಲ ಹಬ್ಬದೂಟ ಬಡಿಸಿದರೆ ಅಜೀರ್ಣವಾಗದೆ ಇನ್ನೇನಾಗುತ್ತದೆ? ಆ ಹಬ್ಬದೂಟವಾದರೂ ಮಕ್ಕಳಿಗೆ ಸಿಗುತ್ತದೆಯೇ ಎಂದರೆ ಅದೂ ಇಲ್ಲ. ಒಂಬತ್ತಕ್ಕೆ ಬರಬೇಕಾದ ಅತಿಥಿಗಳು ಹನ್ನೊಂದೂವರೆಗೆ ಬರುತ್ತಾರೆ, ಅಲ್ಲಿಯವರೆಗೆ ಮಕ್ಕಳು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತಿರಬೇಕು. ಶಾಮಿಯಾನದ ನೆರಳಿನಿಂದ ಸೋಲು ಗೆಲುವುಗಳನ್ನು ಸಮಾನವಾಗಿ ಸ್ವೀಕರಿಸಬೇಕೆಂಬ ಭಾಷಣ ಬರುತ್ತದೆ, ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸರದಿ ಮುಗಿದು ಸೀಟಿ ಊದುವ ಹೊತ್ತಿಗೆ ಊಟದ ಗಂಟೆಯಾಗಿರುತ್ತದೆ. ಆಡಲು ಉಳಿಯುವುದು ಸಂಜೆಯ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ನಿಮ್ಮ ಮಗಳು ಕಲಿತದ್ದು ಯಾವ ಭಾಷಣದಲ್ಲೂ ಇರಲಿಲ್ಲ.

ಖೋಖೋದಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಕೊಡಲು ಈಗ ಒಂದು ಉತ್ತರವಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ತಿರುಮಕೂಡಲು ನರಸೀಪುರದ ಕಡೆಯ ಚೈತ್ರಾ ಇದ್ದರು. ಉತ್ತರ ಚೆನ್ನಾಗಿದೆ, ಆದರೆ ಸಿಗುವುದಕ್ಕಾಗಿಯೇ ಆಡಬೇಕೆಂಬ ವಾದವನ್ನು ಈ ಪತ್ರಿಕೆ ಎಂದೂ ಮಾಡಿಲ್ಲವಾದ್ದರಿಂದ ಅದನ್ನು ಹೆಚ್ಚು ಎಳೆಯುವುದಿಲ್ಲ.

ಇನ್ನು ಆ ಇನ್ನೂರು ರೂಪಾಯಿ. ಇಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ, ಕಾರಣ ಮಾತ್ರ ಬೇರೆ. ನೀವು ದುಡ್ಡು ಹೋಯಿತೆಂದು ಬೇಸರಪಟ್ಟಿರಿ. ಅದು ಅಪ್ಪನ ಜೇಬಿನಿಂದ ಹೊರಟು, ಮಗಳ ಕೈಯನ್ನು ಸುಮ್ಮನೆ ದಾಟಿ, ಶಾಲೆಯ ಹೆಸರಿನಲ್ಲಿ ಕಂಬಳಿಯಾದದ್ದು ನನಗೆ ಬೇಸರ. ಇದರಲ್ಲಿ ಮಗು ಕೊಟ್ಟದ್ದೇನು? ಕೂಲಿಗೆ ಹೋಗುವವರ ಮನೆಯ ಮಗು ಆ ದುಡ್ಡನ್ನು ತರಲಾರದೆ ತರಗತಿಯಲ್ಲಿ ಎದ್ದು ನಿಂತಾಗ, ತನ್ನ ಮನೆಗೂ ಒಂದು ಕಂಬಳಿ ಬೇಕಿತ್ತೆಂದು ಅದಕ್ಕೆ ಅನ್ನಿಸಿರಲಾರದೇ? ನಾವು ಓದುವಾಗಲೂ ಡಿಸೆಂಬರ್ 7ರ ಧ್ವಜ ದಿನಕ್ಕೆ ಸೈನಿಕರ ಹೆಸರಿನಲ್ಲಿ ಗುಂಡುಸೂಜಿಯ ಪುಟ್ಟ ಬಾವುಟಗಳನ್ನು ಮಾರುತ್ತಿದ್ದೆವು. 1949ರಿಂದ ನಡೆದುಬಂದ ಪದ್ಧತಿ ಅದು. ಆದರೆ ಡಬ್ಬಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತವರು, ಬೈಸಿಕೊಂಡವರು, ನಾಲ್ಕಾಣೆ ಹಾಕಿದವರ ಅಂಗಿಗೆ ಬಾವುಟ ಚುಚ್ಚಿದವರು ನಾವೇ. ಸ್ಕೌಟ್ಸ್ ಮಕ್ಕಳ "ಖರಿ ಕಮಾಯಿ" ಇದಕ್ಕಿಂತಲೂ ಮೇಲು. ಅವರು ಚಂದಾ ಕೇಳುವುದಿಲ್ಲ, ಮನೆಮನೆಗೆ ಹೋಗಿ ಸೈಕಲ್ ಒರೆಸಿ, ಅಂಗಳ ಗುಡಿಸಿ, ತರಕಾರಿ ತಂದುಕೊಟ್ಟು, ಮನೆಯವರು ಕೊಟ್ಟಷ್ಟನ್ನು ತಂದು ಒಟ್ಟುಮಾಡುತ್ತಾರೆ. ಐದು ರೂಪಾಯಿಯಾದರೂ ಅದರಲ್ಲಿ ಮಗುವಿನ ಬೆವರಿರುತ್ತದೆ, ಮತ್ತು ಬಡವರ ಮಗುವೂ ಶ್ರೀಮಂತರ ಮಗುವೂ ಅಲ್ಲಿ ಒಂದೇ ಬಂಡವಾಳದಿಂದ ಹೊರಡುತ್ತಾರೆ.

ಕೊಡುವ ಕೈ ಹೇಗಿರಬೇಕೆಂದು ಈ ನಾಡಿಗೆ ಹೊರಗಿನಿಂದ ಯಾರೂ ಕಲಿಸಬೇಕಾಗಿರಲಿಲ್ಲ. ವಾರಾನ್ನ ಎಂಬ ಮಾತನ್ನು ನಿಮ್ಮ ಅಜ್ಜನನ್ನು ಕೇಳಿದರೆ ಹೇಳಿಯಾರು. ಊರು ಬಿಟ್ಟು ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಏಳು ಮನೆಗಳ ಅನ್ನದಲ್ಲಿ ಒಂದು ವಾರ ಕಳೆಯುತ್ತಿದ್ದ. ಅದಕ್ಕೆ ಜಾತಿಯ ಬೇಲಿಯಿತ್ತು, ಕೆಲವು ಮನೆಗಳಲ್ಲಿ ತಂಗಳೂ ಚುಚ್ಚುಮಾತೂ ಬೆರೆತಿರುತ್ತಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಬಡಿಸಿದ ಗೃಹಿಣಿ ಫೋಟೋ ತೆಗೆಸಲಿಲ್ಲ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ, 2019ರ ಜನವರಿ 21ರಂದು ತೀರಿಕೊಂಡಾಗ ಮಠದ ಸಾವಿರಾರು ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಮಕ್ಕಳು ಹಸಿದು ಏಳಬಾರದೆಂಬುದು ಅವರ ಇಚ್ಛೆಯಾಗಿತ್ತಂತೆ. ಅದನ್ನು ನೆನೆದಾಗಲೆಲ್ಲ ನಮ್ಮ ಕಚೇರಿಯ ಮೇಜಿನ ಮೇಲಿರುವ ಲಕೋಟೆಗಳ ಕಡೆಗೆ ಕಣ್ಣು ಹೋಗಿ ನನಗೆ ನಾಚಿಕೆಯಾಗುತ್ತದೆ.

ಆ ಲಕೋಟೆಗಳ ಕಥೆಯನ್ನೂ ಹೇಳುತ್ತೇನೆ. ಡಿಸೆಂಬರ್ ಎರಡನೇ ವಾರದಿಂದ ಸಂಕ್ರಾಂತಿಯವರೆಗೆ ನಮಗೆ ಬರುವ ಫೋಟೋಗಳಲ್ಲಿ ಅರ್ಧದಷ್ಟು "ಹಣ್ಣು ಹಂಪಲು ವಿತರಣೆ"ಯವು. ಆಸ್ಪತ್ರೆಯ ಮಂಚದ ಮೇಲೆ ಒಬ್ಬ ಮುದುಕ, ಅವನ ಕೈಯಲ್ಲಿ ಒಂದು ಬಾಳೆಹಣ್ಣು, ಆ ಬಾಳೆಹಣ್ಣನ್ನು ಹಿಡಿದ ಹನ್ನೊಂದು ಕೈಗಳು. ಹನ್ನೆರಡನೆಯವನು ಕೈ ಎಟುಕದೆ ಮುಂದಿನವನ ಹೆಗಲ ಮೇಲಿಟ್ಟಿರುತ್ತಾನೆ. ಎಲ್ಲರೂ ಕ್ಯಾಮೆರಾವನ್ನು ನೋಡುತ್ತಿರುತ್ತಾರೆ, ಹಣ್ಣನ್ನು ನೋಡುತ್ತಿರುವವನು ಮುದುಕ ಒಬ್ಬನೇ. ಫೋಟೋದ ಹಿಂದೆ ಹನ್ನೆರಡೂ ಜನರ ಹೆಸರು ಪದವಿ ಸಮೇತ ಇರುತ್ತದೆ, ಮುದುಕನ ಹೆಸರಿರುವುದಿಲ್ಲ. ಹಿಂದೆ ಇವುಗಳಲ್ಲಿ ಕೆಲವನ್ನು ನಾವೂ ಅಚ್ಚುಹಾಕಿದ್ದೇವೆ, ಆ ಪಾಪದಲ್ಲಿ ನಮಗೂ ಪಾಲಿದೆ. ಶಾಲೆಗಳು ಈ ವಿದ್ಯೆಯನ್ನು ಕಲಿತದ್ದು ನಮ್ಮಂಥ ಪತ್ರಿಕೆಗಳಿಂದಲೇ ಇರಬೇಕು.

ಈಗ ಮಗಳಿಗೆ ಏನು ಹೇಳಬೇಕೆಂಬ ವಿಷಯ. ಗೆಳತಿಯರ ಮಾತನ್ನು ನೀವು ಮರಳಿ ಕೊಡಿಸಲಾರಿರಿ, ಅದು ತಾನಾಗಿ ಬರಬೇಕು. ಆ ವಯಸ್ಸಿನ ಮುನಿಸು ವಾರ್ಷಿಕೋತ್ಸವದ ಸೀರೆಗೆ ಪಿನ್ ಹಾಕುವ ಹೊತ್ತಿಗೆ ಕರಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ನೀವು ಆಡಿದ ಮಾತನ್ನು ನೀವೇ ಹಿಂದೆಗೆದುಕೊಳ್ಳಬಹುದು. ದೊಡ್ಡ ಮಾತುಗಳೇನೂ ಬೇಡ, ಊಟಕ್ಕೆ ಕುಳಿತಾಗ "ಅವತ್ತು ಎಲ್ಲಿ ತಾಗಿತು ತೋರಿಸೇ" ಎಂದು ಕೇಳಿ, ಅವಳು ಹಿಮ್ಮಡಿ ತೋರಿಸಿ ಆಟವನ್ನೆಲ್ಲ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಪೋಷಕರ ಸಭೆಗೆ ಹೋದಾಗ, ಮುಂದಿನ ಸಲ ಕಂಬಳಿಯ ದುಡ್ಡನ್ನು ಮಕ್ಕಳೇ ದುಡಿದು ತರುವಂತೆ ಮಾಡಬಾರದೇ ಎಂದು ಕೇಳಿ, ವರ್ಷದ ಮೊದಲಿನಿಂದಲೇ ಆಟದ ಪೀರಿಯಡ್ಡು ನಡೆಸಿ ಎಂದೂ ಸೇರಿಸಿ. ಇದನ್ನು ಅಮ್ಮಂದಿರು ಕೇಳಿದರೆ ಹೆಡ್‌ಮಾಸ್ಟರು ಕೇಳಿಸಿಕೊಳ್ಳುತ್ತಾರೆ, ಸಂಪಾದಕರು ಬರೆದರೆ ಓದಿ ಮಡಚಿಡುತ್ತಾರೆ.

ಕಂಬಳಿಯ ಫೋಟೋವನ್ನು ಪ್ರಕಟಿಸುತ್ತಿಲ್ಲ, ಇಂದಿನ ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿದ್ದೇವೆ, ಬೇಸರಪಡಬೇಡಿ. ಅದರಲ್ಲಿ ನಿಮ್ಮ ಮಗಳು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿದ್ದಾಳೆ, ನೀವು ಗಮನಿಸಿದಿರೋ ಇಲ್ಲವೋ. ಖೋಖೋ ಆಡುವಾಗ ತೆಗೆದ, ಮೊಣಕಾಲಿನ ಮಣ್ಣು ಕಾಣುವಂಥ ಫೋಟೋ ಏನಾದರೂ ಇದ್ದು, ಕಳುಹಿಸಲು ಅವಳೂ ಒಪ್ಪಿದರೆ ಕಳುಹಿಸಿ. ಕ್ರೀಡಾ ಪುಟದಲ್ಲಿ ಜಾಗ ಉಳಿಸಿದ್ದೇವೆ.