ಸಿಂಗಳೀಕ ಉಳಿಯಬೇಕಾದರೆ ಉಪ್ಪಾಗೆ ಮರವೂ ಉಳಿಯಬೇಕು

ಅಳಿವಿನಂಚಿನ ಪ್ರಾಣಿಯನ್ನು ಮೃಗಾಲಯದಲ್ಲಿ ಸಾಕಿ, ಸಂಖ್ಯೆ ಹೆಚ್ಚಿಸಿ ಕಾಡಿಗೆ ಬಿಟ್ಟರೆ ಸಾಲದಾ, ಇಡೀ ಕಾಡನ್ನೇ ಯಾಕೆ ಉಳಿಸಬೇಕು ಅಂತ ಕೇಳಿದ್ದೀರಿ. ಸಾಲದು. ನಾನು ಉತ್ತರ ಕನ್ನಡದ ಸಿದ್ದಾಪುರದ ಕಡೆಯವನು, ನಮ್ಮ ಘಟ್ಟದ ಸಿಂಗಳೀಕದ, ಅಂದರೆ ಸಿಂಹದಂಥ ಬಾಲದ ಕಪ್ಪು ಕೋತಿಯ ವಿಷಯವನ್ನೇ ಹೇಳುತ್ತೇನೆ.

ಸಿಂಗಳೀಕ ಮೃಗಾಲಯದಲ್ಲೂ ಮರಿ ಹಾಕುತ್ತದೆ. ಆದರೆ ಬಿಡುವುದು ಎಲ್ಲಿಗೆ? ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದರ ಕಾಡಿಲ್ಲ. ನೆಲಕ್ಕೆ ಇಳಿಯುವುದೇ ಅಪರೂಪ. ಕೊಂಬೆಗೆ ಕೊಂಬೆ ತಾಗಿರಬೇಕು, ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗಬೇಕು. ನಡುವೆ ಅಗಲದ ರಸ್ತೆಯೋ ಕರೆಂಟ್ ಲೈನೋ ಬಂದರೆ ಆಚೆಯ ಗುಂಪು ಆಚೆಗೇ, ಈಚೆಯದು ಈಚೆಗೇ.

ನಮ್ಮ ಕಡೆಯ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಕಾಲಿಟ್ಟರೆ ಹೂತುಹೋಗುವ ಕೆಸರು. ಮರದ ಬೇರುಗಳು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಗಾಳಿ ಸಿಗುವುದು ಹಾಗೇ. ಈ ಮರಗಳ ಬೀಜ ಒಣಗಿದರೆ ಹುಟ್ಟುವುದಿಲ್ಲ, ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು. 2000ದಲ್ಲಿ ವಿಜ್ಞಾನಿಗಳು ಇಲ್ಲಿ ಹೊಸದೊಂದು ಮರದ ಜಾತಿ ಗುರುತಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಇಂಥ ಜಡ್ಡಿಗಳ ನೀರೇ ಕೆಳಗಿನ ಹಳ್ಳ, ಅಡಿಕೆ ತೋಟಗಳಿಗೆ ಆಧಾರ. ಸಿಂಗಳೀಕಕ್ಕೆಂದು ಕಾಡು ಕಾದರೆ ಇವೆಲ್ಲ ಜೊತೆಗೇ ಉಳಿಯುತ್ತವೆ, ಅಲ್ವಾ?

ಆದರೆ ಈ ಕಾಡಿನಲ್ಲಿ ಜನರೂ ಇದ್ದಾರೆ. ಮುರುಗಲಿನ ಜಾತಿಯ ಹುಳಿ ಹಣ್ಣು ಉಪ್ಪಾಗೆ ಸಿಂಗಳೀಕಕ್ಕೆ ಊಟ. ನಮಗೆ ಅದರ ಸಿಪ್ಪೆ ದುಡ್ಡು, ಬೀಜ ತುಪ್ಪ. ಮಳೆಗಾಲದಲ್ಲೇ ಹಣ್ಣಾಗುವುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. ಬೇರೆಯವರು ಕೊಯ್ದುಬಿಟ್ಟಾರು ಅಂತ ಕೆಲವರು ಕಾಯನ್ನೇ ಉದುರಿಸುತ್ತಾರೆ, ಕೊಂಬೆಯನ್ನೂ ಕಡಿಯುತ್ತಾರೆ. ಇಲ್ಲಿ ಸುಮ್ನೆ ಬೇಲಿ ಹಾಕಿ ಜನರನ್ನು ಹೊರಗಿಟ್ಟರೆ ಜಗಳ ಮಾತ್ರ ಉಳಿಯುತ್ತದೆ. ಹಣ್ಣಾದ ಮೇಲೆ ಕೊಯ್ಯಲು, ಪ್ರಾಣಿಗೂ ಒಂದಿಷ್ಟು ಬಿಡಲು ಊರಿನವರೇ ಒಪ್ಪಬೇಕು. ಸೌದೆ ಕಡಿಮೆ ತಿನ್ನುವ ಒಲೆಯೂ ಬೇಕು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಿದಾಗ ನನಗೆ ಹಿಡಿಸಿದ್ದು ಇದೇ: ಆ ಕಾನೂನಿನಲ್ಲಿ ಒಳಗಿರುವ ಜನರ ಹಕ್ಕು ಹೋಗುವುದಿಲ್ಲ, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯವರಿಗೂ ಜಾಗವಿದೆ.

2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿ, ಇನ್ನಷ್ಟು ಕಾಡನ್ನೂ ಕೂಡಿಸಿ, 930 ಚದರ ಕಿ.ಮೀ.ಗೆ ಹಿಗ್ಗಿಸಿದರು. ಈಗ ಆ ಶರಾವತಿ ಕಣಿವೆಯಲ್ಲೇ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವ) ಯೋಜನೆಯ ಪ್ರಸ್ತಾಪ ಬಂದಿದೆ. ಕಡಿದ ಮರಕ್ಕೆ ಬದಲಾಗಿ ಬೇರೆ ಕಡೆ ಗಿಡ ನೆಡುತ್ತೇವೆ ಅಂದರೆ ನಾನು ಒಪ್ಪುವುದಿಲ್ಲ. ಆ ಗಿಡಗಳ ಕೊಂಬೆ ಒಂದಕ್ಕೊಂದು ತಾಗುವಷ್ಟು ವರ್ಷ ಸಿಂಗಳೀಕ ಎಲ್ಲಿರಬೇಕು?